ನಿಮ್ಮ ಕನ್ನಡ ಭಾಳ ಛಂದ ಅದ

ಜೂನ್ 9, ಸೋಮವಾರ. ಬೆಳಿಗ್ಗೆ 8.40, ಬಸ್ಸಿನಲ್ಲಿ

ಕಿಟಕಿ ಸೀಟು ಸಿಕ್ಕಿತು. ವಾಡಿ ಬರುವವರೆಗೆ ಬರೆಯಬಹುದು. ಅಕ್ಷರ ಕುಣಿಯುತ್ತವೆ, ಕುಣಿಯಲಿ.

ಹೊಸ ಕಂಡಕ್ಟರ್. ಎಲ್ಲರಿಗೂ "ಎಲ್ಲಿಗ್ರಿ?" ಎನ್ನುತ್ತ ಬಂದವನು ನನ್ನ ಹತ್ತಿರ ಬಂದು "ಕಿಧರ್?" ಎಂದ. "ಚಿತ್ತಾಪುರ ಒಂದ್ರಿ" ಎಂದೆ. ಹೆಂಗಸರ ಫ್ರೀ ಟಿಕೆಟಿಗೆ ಆಧಾರ್ ತೋರಿಸಿದೆ. ಕಾರ್ಡು ನೋಡಿದ, ಮುಖ ನೋಡಿದ, ಮತ್ತೆ ಕಾರ್ಡು ನೋಡಿದ.

"ಶಹಾಬಾದದ್ದೇ ಅದಲ್ರೀ ಇದು. ಫೋಟೊ ನಿಮ್ದೇನ್ರಿ?"

"ನಂದೇ ರೀ."

"ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮಂದಿ ಎಲ್ಲಾರೂ ಒಂದೇ ಥರ ಕಾಣ್ತಾರ."

ಟಿಕೆಟ್ ಕೊಟ್ಟು ಎರಡು ಸೀಟು ಮುಂದೆ ಹೋಗಿ ತಿರುಗಿ ನೋಡಿದ. "ಖರೇ ಹೇಳ್ತೀನ್ರಿ ಮೇಡಂ, ನಿಮ್ಮ ಕನ್ನಡ ಭಾಳ ಛಂದ ಅದ."

ಥ್ಯಾಂಕ್ಸ್ ಎಂದೆ. ಒಳ್ಳೆಯ ಮನುಷ್ಯ. ಅದೇ ತೊಂದರೆ — ಒಳ್ಳೆಯವರ ಮೇಲೆ ಸಿಟ್ಟು ಮಾಡಲಾಗುವುದಿಲ್ಲ. ಸುಸ್ತಾಗುತ್ತದೆ ಅಷ್ಟೇ. ದಿನವಿನ್ನೂ ಶುರುವಾಗಿಲ್ಲ.

ಜೂನ್ 12, ಗುರುವಾರ. ಸಂಜೆ

ಮಗನನ್ನು ಎಂಟನೆಯ ತರಗತಿಗೆ ಸೇರಿಸಲು ನಮ್ಮ ಚಿತ್ತಾಪುರದ ಶಾಲೆಗೆ ಬಂದ ತಾಯಿಯೊಬ್ಬರು ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡು, "ಆಯಾ, ಆಫೀಸ್ ಎಲ್ಲದ?" ಎಂದರು. ಪಕ್ಕದವರು, "ಅವರು ಹತ್ತನೇತ್ತಾಕ ಕನ್ನಡ ಕಲಿಸೋ ಪೂನಮ್ ಮೇಡಂ ಅದಾರ್ರಿ" ಎಂದಾಗ ಪಾಪ, ನಾಲಿಗೆ ಕಚ್ಚಿಕೊಂಡರು. ಆಮೇಲೆ ಹತ್ತು ನಿಮಿಷ ನನ್ನ ಉಚ್ಚಾರ ಹೊಗಳಿದರು.

ಕಲಬುರಗಿಯಲ್ಲಿ ಕನ್ನಡ ಎಂ.ಎ. ಮಾಡಿದ್ದೇನೆ. ಹುಟ್ಟಿದ್ದು ಶಹಾಬಾದ್ ಸರಕಾರಿ ದವಾಖಾನೆಯಲ್ಲಿ. ಬಾ — ನನ್ನಪ್ಪ, ನರಬೀರ್ ಘರ್ತಿ — ನೇಪಾಳದ ರೋಲ್ಪಾ ಗುಡ್ಡದಿಂದ ಬಂದು ಮೂವತ್ತೊಂದು ವರ್ಷ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯ ವಾಚ್‌ಮನ್. ಊರಿಗೆಲ್ಲ ಗೂರ್ಖಾ. ಅವನಿಗೊಂದು ಹೆಸರಿದೆಯೆಂದು ಬಲ್ಲವರು ನಾಲ್ಕು ಜನ ಇದ್ದರೆ ಹೆಚ್ಚು. ನನಗೆ ಐದು ವರ್ಷವಿದ್ದಾಗ ಅಮ್ಮ ಕಾಮಾಲೆಯಲ್ಲಿ ಹೋದಳು. ಮನೆ ಮಾಲಕಿ ಇಮಾಮ್‌ಬೀ ನಾನಿ ಮರುದಿನವೇ ನನ್ನ ಹಾಸಿಗೆ ಎತ್ತಿ ತನ್ನ ಕೋಣೆಯಲ್ಲಿ ಹಾಸಿದಳು. ಕನ್ನಡ ಶಾಲೆಗೆ ಹಚ್ಚಿದವಳೂ ಅವಳೇ. ಅದು ಮನೆಗೆ ಹತ್ತಿರವಿತ್ತು, ಮತ್ತೇನಿಲ್ಲ.

ಕೊರೋನಾ ವರ್ಷ ಓಣಿಯ ಹುಡುಗರು "ಚೀನಾ, ಚೀನಾ" ಎಂದು ಹಿಂದೆ ಬಿದ್ದಿದ್ದರು. ಮಾಸ್ಕ್ ಹಾಕಿದರೂ ಕಣ್ಣು ಉಳಿಯುತ್ತವಲ್ಲ.

ಜೂನ್ 22, ಭಾನುವಾರ

ನಾನಿಯ ಮನೆಯಲ್ಲಿ ಊಟ. ಟೀವಿಯಲ್ಲಿ ಮುಂಜಾನೆಯಿಂದ ಒಂದೇ ಸುದ್ದಿ. ಬೆಂಗಳೂರಿನ ಯಾವುದೋ ದೊಡ್ಡ ಮನೆ. ಕೆಲಸಕ್ಕಿದ್ದ ಗಂಡ ಹೆಂಡತಿ ಬಂಗಾರ ಎತ್ತಿಕೊಂಡು ಪರಾರಿ. ನೇಪಾಳದವರು. ಅವರ ಫೋಟೊ, ಬಾಗಿಲಿನ ಕ್ಯಾಮೆರಾದ ಚಿತ್ರ, ಮತ್ತೆ ಫೋಟೊ. ‘ನಿಮ್ಮ ಮನೆ ಕಾಯುವವರು ಯಾರು?’ ಎಂದು ಕೆಂಪಕ್ಷರ.

ಬಾ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುತ್ತಲೇ ಇದ್ದ. ನಾನಿ ಟೀವಿ ಬಂದ್ ಮಾಡಿದಳು. "ಎಲ್ಲೋ ಯಾರೋ ಮಾಡಿದ್ದು. ನೀ ಉಣ್ಣಪ್ಪ."

ಹೂಂ ಎಂದ.

ಜೂನ್ 24, ಮಂಗಳವಾರ. ರಾತ್ರಿ 8

ಬಾನ ಚಾವಿ ಹೋದವು.

ಕಾರ್ಖಾನೆಯ ಮಾಲಕ ದೊಡ್ಡ ಸೇಠ್ ಇದ್ದಾಗ ಕೊಟ್ಟದ್ದು. ಗೇಟು, ಆಫೀಸು, ಮಷೀನ್ ಶೆಡ್ಡು. ಮೂವತ್ತು ವರ್ಷ ಸೊಂಟದಲ್ಲಿದ್ದವು. ಈಗ ಮಗ ಶಾಹನವಾಜನ ಕಾರುಬಾರು. ಸಣ್ಣವನಿದ್ದಾಗ ಬಾನ ಹೆಗಲ ಮೇಲೆ ಕೂತು ಉರುಸಿಗೆ ಹೋಗುತ್ತಿದ್ದ ಹುಡುಗ. ಇವತ್ತು ಬಂದು, "ಚಾಚಾ, ಹೊಸ ಕೀಲಿ ಹಾಕಸ್ಲಿಕತ್ತೀವಿ. ಹಳೀ ಚಾವಿ ಕೊಡ್ರಿ" ಅಂದನಂತೆ. ಹೊಸ ಬೀಗಗಳು ಬಂದವು. ಹೊಸ ಚಾವಿ ಬರಲಿಲ್ಲ. ಕೇಳಿದ್ದಕ್ಕೆ, "ನಿಮ್ಮ ಮ್ಯಾಲ ಡೌಟ್ ಇಲ್ಲ ಚಾಚಾ. ಈಗಿನ ಕಾಲ ಹಂಗದ. ಎಲ್ಲಾರಿಗೂ ಇದೇ ರೂಲ್" ಅಂದ.

ಎಲ್ಲರೂ ಎಂದರೆ ಯಾರು? ಅಲ್ಲಿ ವಾಚ್‌ಮನ್ ಒಬ್ಬನೇ.

ಬಾ ಇದನ್ನು ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

ಜುಲೈ 3, ಗುರುವಾರ

ನನ್ನ ಸರದಿ.

ಲಾಲಮ್ಮ ಮೇಡಂ, ನಮ್ಮ ಹೆಡ್ಡು, ಊಟದ ಹೊತ್ತಿಗೆ ಕರೆಸಿದರು. ಶಾಲೆಯ ಆಡಳಿತ ಕಮಿಟಿಯ ಸುರೇಶಕುಮಾರ್ ಕೂತಿದ್ದರು. ಚಹಾ ತರಿಸಿದರು. ಚಹಾ ಬಂದಾಗಲೇ ತಿಳಿಯಿತು.

"ಹಂಗೇನಿಲ್ಲ ಪೂನಮ್," ಎಂದರು ಮೇಡಂ. "ಕೆಲವು ಪಾಲಕರು ಕೇಳ್ಲಿಕತ್ತಾರ. ಹತ್ತನೇತ್ತಾ, ಬೋರ್ಡ್ ಪರೀಕ್ಷಾ..."

"ಹೋದ ವರ್ಷ ಕನ್ನಡದಾಗ ಒಬ್ಬರೂ ಫೇಲಾಗಿಲ್ಲರಿ."

ಸುರೇಶಕುಮಾರ್ ಕೈ ಎತ್ತಿದರು. "ಕಲಿಸೋದ್ರ ಬಗ್ಗೆ ಮಾತೇ ಇಲ್ರಿ ತಂಗಿ. ನಿಮ್ಮ ಕನ್ನಡ ನಮಗಿಂತ ಛಂದ ಅದ. ಆದ್ರ ನಮ್ಮ ಭಾಷಾ ನಮ್ಮವರು ಕಲಿಸಿದ್ರ ಮಂದಿಗೆ ಒಂದು ಸಮಾಧಾನ. ನೀವು ಆರು, ಏಳಕ್ಕ ಹಿಂದಿ ತಗೋರಿ. ನಿಮಗ ಹಿಂದಿ ಸಲೀಸು."

ನನ್ನ ಹಿಂದಿ! ಅದು ನಾನಿಯ ಅಡುಗೆಮನೆಯ ದಖನಿ. ಬೇಡಕ್ಕೆ ‘ನಕ್ಕೋ’, ಹೌದಿಗೆ ‘ಹೌ’, ಯಾಕೆಗೆ ‘ಕಾಯ್ಕೂ’. ಯಾವುದು ಪುಲ್ಲಿಂಗ ಯಾವುದು ಸ್ತ್ರೀಲಿಂಗ ಇವತ್ತಿಗೂ ಗೊತ್ತಿಲ್ಲ. ಹೇಳಿದೆ. ವಿನಯವೆಂದು ತಿಳಿದು ನಕ್ಕರು.

ಹೂಂ ಎಂದು ಎದ್ದು ಬಂದೆ. ಬಾನ ಹಾಗೆಯೇ. ಬೇರೆ ಕೆಲಸ ಎಲ್ಲಿದೆ? ಸರಕಾರಿ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ಅಪ್ಪ ಅಮ್ಮ ಇಬ್ಬರೂ ಆ ದೇಶದವರಾದ್ದರಿಂದ ಈ ದೇಶದ ಪ್ರಜೆಯಲ್ಲವಂತೆ. ಆ ದೇಶದ ಒಂದು ಚೀಟಿಯೂ ನನ್ನ ಹತ್ತಿರವಿಲ್ಲ.

ಜುಲೈ 11, ಶುಕ್ರವಾರ

ಹತ್ತನೆಯ ತರಗತಿಯ ಕನ್ನಡಕ್ಕೆ ಅಂಬಾರಾಯ ಸರ್ ಬಂದಿದ್ದಾರೆ. ರಿಟೈರ್ಡ್. ಸಮಾಜ ವಿಜ್ಞಾನದವರು. ಇವತ್ತು ಬೇವಿನ ಗಿಡದ ಕೆಳಗೆ ಡಬ್ಬಿ ತೆಗೆಯುತ್ತಿದ್ದಾಗ ಪುಸ್ತಕ ಹಿಡಿದು ಬಂದು ಎದುರಿಗೆ ಕೂತರು.

"ಮೇಡಂ, ಈ ಛಂದಸ್ಸು ನನಗ ಬರಂಗಿಲ್ಲ. ಲಘು ಯಾವುದು ಗುರು ಯಾವುದು, ಸಮ್ರೀನ್ ಅಂತ ಆ ಹುಡುಗಿ ನನಗೇ ತಿದ್ದತಾಳ."

ಸಮ್ರೀನ್ ತಿದ್ದುತ್ತಾಳೆ. ನಾನೇ ಕಲಿಸಿದ್ದು. ತೋರಿಸಿಕೊಟ್ಟೆ. ಕಷ್ಟಪಟ್ಟು ಬರೆದುಕೊಂಡರು. ಪೆನ್ನು ಮುಚ್ಚಿ ಹೇಳಿದರು:

"ನಾ ನೌಕರಿಗೆ ಸೇರಿದಾಗ ಸ್ಟಾಫ್ ರೂಮಿನ ಗಡಿಗಿ ನೀರು ಬ್ಯಾರೆಯವರು ಹಾಕಿದ್ರ ಕುಡೀತಿದ್ದೆ. ನನ್ನ ಕೈಲೆ ಮುಟ್ಟಂಗಿರಲಿಲ್ಲ. ಸಾಲಿ ನಮ್ಮೂರಾಗೇ ಇತ್ತರಿ, ನಮ್ಮಪ್ಪ ಕಲ್ಲು ಹೊತ್ತು ಕಟ್ಟಿದ್ದು. ಅದಕ್ಕ ನಿಮ್ಮ ಸಂಕಟ ನನಗ ತಿಳೀತದ."

"ಮತ್ಯಾಕ ಬಂದ್ರಿ ಸರ್?"

ಕೇಳಬಾರದಿತ್ತು. ಬಾಯಿಂದ ಬಂದುಬಿಟ್ಟಿತು. ಅವರು ಪುಸ್ತಕ ಮುಚ್ಚಿದರು.

"ಮನ್ಯಾಗ ಕುಂತು ಕುಂತು ಸಾಕಾಗಿತ್ತು. ನಿಮ್ಮ ಜಾಗಾ ಅಂತ ಯಾರೂ ಹೇಳಲಿಲ್ಲ. ತಿಳಿದ ಮ್ಯಾಲೂ ಬಿಡಲಿಲ್ಲ. ಖರೇ ಹೇಳಿದೆ ನೋಡ್ರಿ."

ಡಬ್ಬಿಯಲ್ಲಿದ್ದ ಚಪಾತಿ ಅರ್ಧ ಕೊಟ್ಟೆ. ತಿಂದರು.

ಜುಲೈ 13, ಭಾನುವಾರ. ಸಂಜೆ

ನಾನಿ ಇವತ್ತು ಯಾರಿಗೂ ಹೇಳದೆ ಬುರ್ಖಾ ಹಾಕಿಕೊಂಡು ಕಾರ್ಖಾನೆಗೆ ಹೊರಟಳು. ಎಪ್ಪತ್ತಾರು ವರ್ಷ, ಮಂಡಿ ನೋವು. ನಾನು ಹಿಂದೆ ಓಡಿದೆ. ಗೇಟಿನೆದುರು ಪೇರಿಸಿಟ್ಟ ಕಲ್ಲಿನ ಮೇಲೆ ಕೂತುಬಿಟ್ಟಳು. ಬಾ ಓಡಿ ಬಂದು "ಆಪಾ, ಮನಿಗೆ ನಡೀರಿ" ಎಂದ. ಕೇಳಲಿಲ್ಲ. ಶಾಹನವಾಜ ಹೊರಗೆ ಬಂದ.

"ಏನ್ ಖಾಲಾ, ಒಳಗ ಬರ್ರಿ, ಕುಂದ್ರಿ."

"ಇಲ್ಲೇ ಕುಂತೀನಿ. ನಿಮ್ಮಪ್ಪನ ಮಯ್ಯತ್ತು ಎದ್ದ ದಿನ ಈ ಕಾರ್ಖಾನಿ ಯಾರ ಕೈಯಾಗಿತ್ತಪ್ಪ? ನೀವೆಲ್ಲ ಅಳಕೋತ ಕಬರಸ್ತಾನಕ್ಕ ಹೋದ್ರಿ. ಆಫೀಸಿನ ಬಾಗಿಲಿಗೆ ಯಾರು ನಿಂತಿದ್ರು? ಒಂದು ಮೊಳಿ ಕಡಿಮಿ ಆಗಿತ್ತೇನು?"

ಪಾಲಿಶ್ ಮಷೀನಿನ ಹುಡುಗರು ಕೆಲಸ ಬಿಟ್ಟು ನೋಡುತ್ತ ನಿಂತರು. ಶಾಹನವಾಜನ ಮುಖ ಕೆಂಪಾಯಿತು. ಒಳಗೆ ಹೋಗಿ ಚಾವಿ ತಂದು ಬಾನ ಮುಂದೆ ಹಿಡಿದ. "ತಗೋರಿ ಚಾಚಾ. ಖಾಲಾ ಮಾತಿಗೆ ಕೊಡಾಕತ್ತೀನಿ."

ಬಾ ಕೈ ಚಾಚಲಿಲ್ಲ.

"ನಕ್ಕೋ ಬೇಟಾ," ಎಂದ. ಬಾ ಸಿಟ್ಟಿಗೆದ್ದಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. "ಮೂವತ್ತು ವರ್ಷ ಅದು ಕೆಲಸದ ಚಾವಿ ಇತ್ತು. ಈಗ ಮೆಹರ್ಬಾನಿದು ಆಯ್ತು."

ಕುರ್ಚಿಯ ಮೇಲಿದ್ದ ಟೊಪ್ಪಿಗೆ, ಊಟದ ಡಬ್ಬಿ ಎತ್ತಿಕೊಂಡು ನಮ್ಮ ಜೊತೆ ನಡೆದ. ದಾರಿಯುದ್ದಕ್ಕೂ ನಾನಿ ತನ್ನನ್ನೇ ಬೈದುಕೊಂಡಳು.

ಜುಲೈ 20, ಭಾನುವಾರ

ವಾಡಿ ಸ್ಟೇಷನ್. ಬಾ ಹೋದ.

ವಾರವಿಡೀ ಹೇಳಿದೆ. ಬೇರೆ ಕೆಲಸ ಸಿಗುತ್ತದೆ, ಮನೆಯಲ್ಲಿರು, ನಾನು ದುಡಿಯುತ್ತೇನೆ. ಅವನದೊಂದೇ ಮಾತು — ರೋಲ್ಪಾದಲ್ಲಿ ಅಣ್ಣನ ಮನೆ ಇದೆ, ಸಾಯುವುದಾದರೆ ನನ್ನ ಹೆಸರು ಗೊತ್ತಿರುವಲ್ಲಿ ಸಾಯುತ್ತೇನೆ. ನೀನೂ ನಡೆ ಎಂದ. ಅಲ್ಲಿ ಏನು ಮಾಡಲಿ? ನನ್ನ ನೇಪಾಳಿ ಐದು ವರ್ಷದ ಮಗುವಿನದು. ಅಮ್ಮ ಹೋದಲ್ಲಿಗೇ ನಿಂತಿದೆ.

ಜನರಲ್ ಬೋಗಿಯಲ್ಲಿ ಕಿಟಕಿ ಸಿಕ್ಕಿತು ಅವನಿಗೆ. ನಾನಿ ಕೊಟ್ಟ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡ. ಗಾಡಿ ಹೊರಟಾಗ ಕೈ ಮಾಡಲಿಲ್ಲ. ಗೇಟಿನ ಮುಂದೆ ಕೂರುತ್ತಿದ್ದ ಹಾಗೆಯೇ ನೆಟ್ಟಗೆ ಕೂತಿದ್ದ.

ಆಟೊದವನು ಕೇಳಿದ, "ನೇಪಾಲ್ ಸೆ ಆಯೇ ಕ್ಯಾ?"

ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಆಗಸ್ಟ್ 6, ಬುಧವಾರ

ಬರೆಯಲು ಏನೂ ಇರಲಿಲ್ಲ. ಶಾಲೆ, ಬಸ್ಸು, ಹಿಂದಿ. ಆರನೆಯ ತರಗತಿಯ ಮಕ್ಕಳಿಗೆ ನನ್ನಿಂದಾಗಿ ರೈಲೂ ಗಂಡಾಯಿತು, ರೊಟ್ಟಿಯೂ ಗಂಡಾಯಿತು. ಹಿಂದಿಯಲ್ಲಿ ಎರಡೂ ಹೆಣ್ಣಂತೆ.

ಇವತ್ತು ಲಾಲಮ್ಮ ಮೇಡಂ ಮತ್ತೆ ಕರೆದರು. ಚಹಾ ಇರಲಿಲ್ಲ. ಮೊದಲ ಟೆಸ್ಟಿನಲ್ಲಿ ಕನ್ನಡಕ್ಕೆ ಹದಿನೇಳು ಮಂದಿ ಫೇಲ್. ಅಂಬಾರಾಯ ಸರ್ ತಾವಾಗಿಯೇ ಪತ್ರ ಬರೆದುಕೊಟ್ಟಿದ್ದಾರೆ: ಈ ವಿಷಯ ನನ್ನದಲ್ಲ, ಪೂನಮ್ ಮೇಡಂ ಅವರದು.

"ಒಂದು ಹಾದಿ ಅದ," ಎಂದರು ಮೇಡಂ, ದನಿ ತಗ್ಗಿಸಿ. "ಪಾಠ ನೀ ಮಾಡು. ಟೈಮ್‌ಟೇಬಲ್ಲಿನಾಗ ಅವರ ಹೆಸರಿರಲಿ. ಕಮಿಟಿಯವರೂ ಸುಮ್ಮನಿರ್ತಾರ."

"ಇಲ್ರಿ ಮೇಡಂ."

ನನ್ನ ದನಿಯೇ ಎಂದು ನಾನೇ ಬೆರಗಾದೆ.

"ಹೆಸರು ಹಾಕ್ರಿ. ಪೂನಮ್ ನರಬೀರ್ ಘರ್ತಿ ಅಂತ ಪೂರ್ತಿ ಬರೀರಿ. ಇಲ್ಲಂದ್ರ ನಾ ಹಿಂದಿನೇ ಕಲಿಸ್ತೀನಿ. ಹುಡುಗರ ನಸೀಬು."

ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಕೇಳಿ ನೋಡ್ತೀನವ್ವ."

ಆಗಸ್ಟ್ 11, ಸೋಮವಾರ

ನೋಟಿಸ್ ಬೋರ್ಡಿಗೆ ಹೊಸ ಟೈಮ್‌ಟೇಬಲ್. ಹತ್ತನೆಯ ತರಗತಿಯ ಕನ್ನಡದೆದುರು ನನ್ನ ಹೆಸರು. ‘ಘ’ ಬದಲು ‘ಗ’ ಆಗಿದೆ, ಬಾನ ಹೆಸರು ‘ನರವೀರ’ ಆಗಿದೆ. ಇರಲಿ. ಪೆನ್ನು ತೆಗೆದು ತಿದ್ದಿದೆ. ಸುರೇಶಕುಮಾರ್ ಗೇಟಿನಲ್ಲಿ ಎದುರಾದರು. ನೋಡದವರಂತೆ ಫೋನ್ ಕಿವಿಗಿಟ್ಟುಕೊಂಡರು. ಅವರು ಒಪ್ಪಿದ್ದಲ್ಲ, ಹದಿನೇಳು ಫೇಲು ಒಪ್ಪಿಸಿದ್ದು.

ತರಗತಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಮ್ರೀನ್ ಪುಸ್ತಕ ಬಿಚ್ಚಿ, "ಮೇಡಂ, ನಾಲ್ಕನೇ ಪಾಠ ಅರ್ಧಕ್ಕ ನಿಂತದರಿ" ಎಂದಳು ಅಷ್ಟೇ. ಅದೇ ಹಿತವೆನಿಸಿತು. ಅರ್ಧದಿಂದ ಶುರು ಮಾಡಿದೆ.

ಆಗಸ್ಟ್ 17, ಭಾನುವಾರ. ಮಧ್ಯಾಹ್ನ

ಬಾನ ಫೋನು. ಗುಡ್ಡ ಹತ್ತಿದರೆ ಮಾತ್ರ ರೇಂಜ್ ಸಿಗುತ್ತದಂತೆ. ಏದುಸಿರು.

ಅಲ್ಲಿ ಅವನನ್ನು ಮದ್ರಾಸಿ ಅನ್ನುತ್ತಾರಂತೆ. ಅಣ್ಣನ ಮೊಮ್ಮಕ್ಕಳಿಗೆ ಅವನ ನೇಪಾಳಿ ಕೇಳಿದರೆ ನಗು. ಮಾತಿನ ನಡುವೆ ‘ಹೌದಲ್ರೀ’ ಬಂದುಬಿಡುತ್ತದೆ. ಚಹಾದಂಗಡಿಯವ ಯಾವ ಊರು ಎಂದು ಕೇಳಿದಾಗ ಬಾಯಿಂದ ಶಹಾಬಾದ್ ಅಂತಲೇ ಬಂತಂತೆ.

ಅಲ್ಲಿ ಸುತ್ತ ಜನ ಇದ್ದರೇನೋ, ಅವರಿಗೆ ತಿಳಿಯದಿರಲೆಂದು ಇದ್ದಕ್ಕಿದ್ದಂತೆ ಕನ್ನಡಕ್ಕೆ ಬಂದ. ಮನೆಯಲ್ಲಿ ನಮ್ಮ ಮಾತು ಯಾವಾಗಲೂ ದಖನಿ. ನನ್ನ ಜೊತೆ ಅವನು ಕನ್ನಡ ಮಾತಾಡಿದ್ದು ನೆನಪೇ ಇಲ್ಲ. ಕಲ್ಲಿನ ಲಾರಿಯವರ ಕನ್ನಡ, ಎಲ್ಲ ಒರಟು.

"ಮನಸ್ಸು ನಿಲ್ಲವಲ್ದು. ಬರ್ಬೇಕಂತೀನಿ. ಕಾರ್ಖಾನಿಗೆ ಅಲ್ಲ. ಮನಿಗೆ."

ನಾನು ನಾನಿಯತ್ತ ನೋಡಿದೆ.

"ಆಪಾ ಬೈತಾಳೇನು?"

ನಾನಿ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎಲ್ಲ ಕೇಳಿಸಿತ್ತು. ಮುಖ ಆಚೆ ತಿರುಗಿಸಿದಳು.

"ಬೈತಾಳ ಬಾ," ಎಂದೆ. "ಭಾಳ ಬೈತಾಳ. ನೀ ಮೊದಲು ಬಸ್ಸು ಯಾವಾಗ ಅದ ಅಂತ ನೋಡಿ..."

ಲೈನ್ ಕಟ್ಟಾಯಿತು. ಮತ್ತೆ ಹಚ್ಚುತ್ತಿದ್ದೇನೆ. ರಿಂಗ್ ಆಗುತ್ತಿದೆ —