ಯಾವ ಪಟ್ಟು ಮೇಲು

ಜನವರಿ 6, ಸೋಮವಾರ

ಬೆಳಿಗ್ಗೆ ಕರಾಟೆ ಕ್ಲಾಸ್. ಹುಡುಗಿಯರ ಒದೆ ಇನ್ನೂ ಸೊಂಟದ ಮೇಲೆ ಏರುತ್ತಿಲ್ಲ. ಮನೆಗೆ ಬಂದರೆ ತಮ್ಮ ಟೈಟಸ್ ಮತ್ತೆ ತನ್ನ ಚಾನೆಲ್‌ನ ಅದೇ ವಿಡಿಯೊ ಹಾಕಿಕೊಂಡು ಕೂತಿದ್ದ. ‘ಕರಾಟೆಯೋ ಜುಜಿಟ್ಸುವೋ, ಯಾವುದು ಮೇಲು?’ ನಾನು ಒದೆಯುವುದು, ಅವನು ಕಾಲು ಹಿಡಿದು ಕೆಡವುವುದು, ಬೆನ್ನಿಗೆ ಹತ್ತಿ ಕತ್ತು ಅಮುಕುವುದು. ನಾನು ಕೈ ತಟ್ಟಿ ಸೋಲು ಒಪ್ಪುವುದು. ಕೆಳಗೆ ಕಾಮೆಂಟ್—ನೀಲಿಮಾ ಮೇಡಂ, ಡ್ಯಾನ್ಸ್ ಕ್ಲಾಸ್ ತೆಗೀರಿ. ತಮ್ಮನೇ ಆದರೂ ಹೊಟ್ಟೆ ಉರಿಯುತ್ತದೆ.

ಮುಂದಿನದು ಕುಸ್ತಿಯಂತೆ. ಅಮ್ಮಿನಬಾವಿಯ ಉಡಚಪ್ಪ ಪೈಲವಾನ ಒಪ್ಪಿದ್ದಾನೆ. ಇಪ್ಪತ್ತಾರಕ್ಕೆ, ವಿದ್ಯಾನಗರದಲ್ಲಿ ಟೈಟಸ್‌ನ ಜಿಮ್ಮಿನಲ್ಲೇ. ಲೈವ್.

ಜನವರಿ 12, ಭಾನುವಾರ

ಚರ್ಚ್ ಮುಗಿಸಿ ಅಮ್ಮಿನಬಾವಿಗೆ ಹೋದೆ. ಟೈಟಸ್‌ಗೆ ಹೇಳಿಲ್ಲ. ಗರಡಿಯಲ್ಲಿ ನಿಂತು ನೋಡಿದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋಲು. ಹಾಗಾಗಿ ಕಷ್ಟಕ್ಕೆ ಬಂತೆಂದರೆ ಇವರು ಬೋರಲು ಬಿದ್ದುಬಿಡುತ್ತಾರೆ, ಬೆನ್ನು ಎದುರಾಳಿಗೆ ಕೊಟ್ಟು. ಟೈಟಸ್‌ಗೆ ಬೇಕಾದದ್ದೂ ಅದೇ!

ಕತ್ತು ಹಿಡಿದರೆ ಕೈ ತಟ್ಟಿ ಎಂದು ಉಡಚಪ್ಪನಿಗೆ ಹೇಳಿದೆ. ಅಷ್ಟು ಮಂದಿಯ ಮುಂದೆ ತಾನಾಗಿ ಸೋಲುವ ಮಾತೇ ಇಲ್ಲವಂತೆ.

“ಉಸರು ನಿಂತರ?”

“ನಿಂದ್ರಲಿ ಬಿಡ್ರಿ, ಅಕ್ಕಾರ.”

ನಗುತ್ತಲೇ ಅಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ.

ಜನವರಿ 13

ಟೈಟಸ್‌ಗೆ ಹೇಳಿದೆ. ಉಡಚಪ್ಪ ಕೈ ತಟ್ಟುವ ಪೈಕಿ ಅಲ್ಲ, ಕುತ್ತಿಗೆ ಸಿಕ್ಕರೆ ನೀನೇ ಬಿಟ್ಟುಬಿಡು ಎಂದು.

“ರೂಲ್ ಅಂದ್ರ ರೂಲ್, ಅಕ್ಕಾ. ಅವ ತಟ್ಟೂತನಕ ನಾ ಬಿಡೂದಿಲ್ಲ.”

ಮೊದಲು ಹೀಗಿರಲಿಲ್ಲ ಇವನು. ಚಾನೆಲ್ ಶುರುವಾದ ಮೇಲೆ ಇವನ ಕಣ್ಣೇ ಬೇರೆ. ಭಯವಾಗುತ್ತದೆ.

ಜನವರಿ 19, ಭಾನುವಾರ

ಮತ್ತೆ ಗರಡಿಗೆ. ಮನಸ್ಸು ತಡೆಯಲಿಲ್ಲ. ಟೈಟಸ್ ಬೆನ್ನಿಗೆ ಹೇಗೆ ಹತ್ತುತ್ತಾನೆ, ಕೈ ಎಲ್ಲಿ ತೂರಿಸುತ್ತಾನೆ, ಎಲ್ಲ ತೋರಿಸಿಕೊಟ್ಟೆ. ಅಲ್ಲಿಯ ಉಸ್ತಾದ ಶಂಭುಲಿಂಗ ಕಾಕಾ ನೋಡಿಕೊಂಡರು. ಆಮೇಲೆ ಇನ್ನೊಬ್ಬ ಪೈಲವಾನನನ್ನು ಹಾಗೆಯೇ ಉಡಚಪ್ಪನ ಬೆನ್ನಿಗೆ ಹತ್ತಿಸಿದರು. ಉಡಚಪ್ಪ ಅವನನ್ನು ಹೊತ್ತುಕೊಂಡೇ ಎದ್ದು ನಿಂತ… ಮತ್ತು ಇಡೀ ಮೈಭಾರ ಬಿಟ್ಟು ಹಿಂದಕ್ಕೆ ಬಿದ್ದ. ಹಿಡಿತ ಬಿಟ್ಟೇಹೋಯಿತು. ಮೊದಲು ನೆಲಕ್ಕೆ ಹತ್ತಿದ್ದು ಕೆಳಗಿದ್ದವನ ಬೆನ್ನು, ಅಂದರೆ ಅವನದೇ ಸೋಲು. ಅವನು ಬಾಯಿಗೆ ಹೊಕ್ಕ ಕೆಂಪು ಮಣ್ಣು ಉಗುಳಿ ನಕ್ಕ. ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡಿದ ಮಣ್ಣು, ಕಾಲಿಟ್ಟರೆ ಪಾದ ಹೂತುಹೋಗುತ್ತದೆ.

ಕಾಕಾ ಮತ್ತೆ ಮತ್ತೆ ಮಾಡಿಸಿದರು. ನಾನು ಚಪ್ಪಾಳೆ ತಟ್ಟಿದೆ. ಎಷ್ಟು ಹಗುರಾಯಿತು ಜೀವ! ಉಡಚಪ್ಪ ಉಳಿದ. ಟೈಟಸ್ ಒಮ್ಮೆ ಸೋಲಲಿ ಅಂತಲೂ ಇದೆ ಒಳಗೆ, ಇಲ್ಲವೆನ್ನುವುದಿಲ್ಲ.

ಜನವರಿ 25, ಶನಿವಾರ

ಜಿಮ್ ಗುರುತೇ ಸಿಗಲಿಲ್ಲ. ಹಳೆಯ ದಪ್ಪ ಮ್ಯಾಟ್‌ಗಳು ಕ್ಯಾಮೆರಾದಲ್ಲಿ ಕೊಳಕಾಗಿ ಕಾಣುತ್ತವಂತೆ, ಎತ್ತಿಸಿಬಿಟ್ಟಿದ್ದಾನೆ. ಗ್ರಾನೈಟ್ ಮೇಲೆ ತೆಳ್ಳನೆಯ ಕಪ್ಪು ಶೀಟ್, ನಡುವೆ ಚಾನೆಲ್ ಹೆಸರು. ಬರಿಗಾಲಿಗೆ ತಣ್ಣಗೆ ಹತ್ತಿತು. ಚೆಂದ ಕಾಣುತ್ತದೆ, ಸುಳ್ಳೇಕೆ ಹೇಳಲಿ.

ಯಾರ ಕಡೆ ನೀನು ಎಂದು ಕೇಳಿದ ಟೈಟಸ್. ಮಾತು ಹಾರಿಸಿದೆ. ಉಡಚಪ್ಪನ ಕತ್ತಿನ ಚಿಂತೆ ಈಗಿಲ್ಲ. ಆದರೂ ಏನೋ ಮರೆತಂತೆ… ಏನು ಅಂತ ಹೊಳೆಯುತ್ತಿಲ್ಲ.

ಜನವರಿ 28, ಮಂಗಳವಾರ

ಸತ್ತೂರದ ಆಸ್ಪತ್ರೆ. ಐಸಿಯು ಹೊರಗೆ.

ಟೈಟಸ್ ಇನ್ನೂ ಕಣ್ಣು ತೆರೆದಿಲ್ಲ. ತಲೆಯೊಳಗೆ ರಕ್ತ, ಕಾಯಬೇಕು ಎನ್ನುತ್ತಾರೆ. ಮೊನ್ನೆ ಅವನು ಬೆನ್ನಿಗೆ ಹತ್ತಿದ್ದ, ಉಡಚಪ್ಪ ಎದ್ದು ನಿಂತಿದ್ದ. ಆಗ ಹೊಳೆಯಿತು ನನಗೆ—ಕೆಳಗೆ ಮಣ್ಣಿಲ್ಲ. ಕೂಗಿದೆ. ಹುರುಪಿಗೆ ಕೂಗುತ್ತಿದ್ದೇನೆಂದು ತಿಳಿದು ಜನ ನನಗಿಂತ ಜೋರಾಗಿ ಕೂಗಿದರು. ಆ ಸದ್ದು… ಬೇಡ.

ಉಡಚಪ್ಪ ಅವತ್ತಿನಿಂದ ಎದುರಿನ ಬೆಂಚು ಬಿಟ್ಟಿಲ್ಲ. ಅವ್ವ ಇವತ್ತು ಮೊದಲ ಸಲ ಅವನೊಡನೆ ಮಾತಾಡಿದಳು. ಇಂಥದ್ದನ್ನು ಯಾರು ಕಲಿಸಿದರಪ್ಪಾ ನಿನಗೆ ಎಂದು ಕೇಳಿದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಾದರೂ ಇದ್ದಿದ್ದರೆ!

“ಗರಡ್ಯಾಗ ಹಿಂಗ ಬಿದ್ರ ಯಾರಿಗೂ ಏನೂ ಆಗೂದಿಲ್ರಿ, ಅವ್ವಾರ.”

ಅಷ್ಟೇ ಹೇಳಿದ. ನನ್ನ ಹೆಸರು ಎತ್ತಲಿಲ್ಲ.

ಅವ್ವ ಪಕ್ಕದಲ್ಲೇ ಇದ್ದಾಳೆ. ಏನು ಬರೆಯುತ್ತಿದ್ದೀ ಎಂದು ಕೇಳುತ್ತಿದ್ದಾಳೆ. ಪೆನ್ನು ಮುಚ್ಚಿ, ಗರಡಿಗೆ ಹೋಗಿ ತೋರಿಸಿಕೊಟ್ಟದ್ದು ನಾನೇ ಎಂದು ಹೇಳಿಬಿಡುತ್ತೇನೆ. ಎದುರು ಉಡಚಪ್ಪ, ಬೇಡ ಅಂತ ತಲೆ ಅಲ್ಲಾಡಿಸುತ್ತಿ—