ಗೇಟಿನ ಹತ್ತಿರ ಬಾ

ಮಗಳೇ,

ಹಾಲು ಕಾಯಿಸಿಟ್ಟಿದ್ದೀನಿ, ಬೆಕ್ಕು ಬಾಯಿ ಹಾಕೋ ಮುಂಚೆ ಏಳು. ಕಿಟಕಿ ಪರದೆ ಹುಡುಕಬೇಡ, ಅದರಲ್ಲೇ ನನ್ನ ಚೀಲ ಹೊಲಿದುಕೊಂಡೆ.

ನನಗಿಂತ ಒಂದು ವರ್ಷ ಮುಂಚೆ ಯೂನಿವರ್ಸಿಟಿ ಸೇರಿದ್ದಕ್ಕೆ ನೀನು ನಿನ್ನೆ ನನಗೆ ಎಷ್ಟೊಂದು ಬುದ್ಧಿ ಹೇಳಿದೆ! ಹಿಂದಿನ ಬೆಂಚಲ್ಲಿ ಕೂರು ಅಂದೆ, ನಾನು ಕೂರಲ್ಲ. ಬಾಯಿಗೆ ಬೀಗ ಹಾಕ್ಕೋ ಅಂದೆ, ಹಾಕಲ್ಲ. ಅರ್ಥವಾಗದಿದ್ರೆ ಎದ್ದು ನಿಂತು ಕೇಳ್ತೀನಿ, ನಗೋರು ನಗಲಿ. ನಾನೇನು ಕದ್ದು ಓದೋಕೆ ಹೊರಟಿದ್ದೀನಾ?

ಎದುರು ಸಿಕ್ಕಿದ್ರೆ ಗುರುತಿಲ್ಲದವರ ಥರ ಹೋಗು ಅಂತ ಬೇರೆ ಅಂದೆ. ಶಾಲೆಯ ಮೊದಲ ದಿನ ನನ್ನ ಕೈ ಬಿಡದೆ, ಬೀದಿಗೆಲ್ಲ ಕೇಳೋ ಹಾಗೆ ಅತ್ತವಳು ಯಾರು?

ಇವತ್ತು ನನ್ನ ಮೊದಲ ದಿನ. ಗೇಟಿನ ಹತ್ತಿರಾನೇ ನಿಂತಿರ್ತೀನಿ. ಎಲ್ಲರ ಎದುರಿಗೇ ಬಂದು ನನ್ನ ಕ್ಲಾಸಿನವರೆಗೆ ಬಿಟ್ಟು ಹೋಗು.

ನಾನು ಅಳಲ್ಲ.

ಅಮ್ಮ