ಅಮೆರಿಕದಿಂದ ಬಂದ ಕಂಬಗಳ ನಕ್ಷೆ

ಮೂಡಬಿದ್ರೆ
೨೧-೧-೧೯೬೫, ಗುರುವಾರ

ಪ್ರೀತಿಯವರಿಗೆ,

ನಿಮ್ಮ ತ್ರಿಶಲಾ ಮಾಡುವ ನಮಸ್ಕಾರಗಳು. ನಿಮ್ಮ ಕೆಮ್ಮು ನಿಂತಿತೇ? ಹಿಮದಲ್ಲಿ ನಡೆಯುವಾಗ ಕಿವಿ ಮುಚ್ಚಿಕೊಳ್ಳುತ್ತೀರಾ? ಅಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ ಎಂದು ನೀವು ಬರೆದಂದಿನಿಂದ ಅತ್ತೆಗೆ ಅದೇ ಚಿಂತೆ. ಸೂರ್ಯಾಸ್ತದ ಮೇಲೆ ಊಟ ಮಾಡದ ಮನೆಯ ಮಗ, ಕಾಲೇಜು ಬಿಡುವಾಗಲೇ ಕತ್ತಲಾದರೆ ಯಾವಾಗ ಉಣ್ಣುತ್ತಾನೆ ಎಂದು ದಿನಕ್ಕೆ ಎರಡು ಸಲ ನನ್ನನ್ನು ಕೇಳುತ್ತಾರೆ, ಅಮೆರಿಕದ ಸೂರ್ಯನನ್ನು ನಾನೇ ಸೆರಗಿನಲ್ಲಿ ಕಟ್ಟಿಟ್ಟುಕೊಂಡ ಹಾಗೆ. ಹಸಿದುಕೊಂಡು ಮಲಗಬೇಡಿ. ಹಾಲು ಕುಡಿದರೆ ಅಡ್ಡಿಯಿಲ್ಲ ಎಂದು ಅತ್ತೆಯೇ ಬರೆಯಲು ಹೇಳಿದ್ದಾರೆ. ನಾವೆಲ್ಲ ಇಲ್ಲಿ ಸೌಖ್ಯ. ಮಾವನ ಮೊಣಕಾಲು ನೋವು ಹಾಗೆಯೇ ಇದೆ, ಬಸದಿಗೆ ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ.

ನಿಮ್ಮ ಕಾಗದ ಬಂದ ದಿನ ನಾನು ಮಿಜಾರಿನಲ್ಲಿ ತಾಯಿಯ ಮನೆಯಲ್ಲಿದ್ದೆ. ಅದರಿಂದಾದ ಫಜೀತಿ ಕೇಳಿ. ಲಕೋಟೆಯನ್ನು ಮಾವ ಒಡೆದರು. ಮೊದಲ ಹಾಳೆಯಲ್ಲಿ ನೀವು ಕನ್ನಡದಲ್ಲಿ ಬರೆದದ್ದನ್ನು ಅವರೇ ಗಟ್ಟಿಯಾಗಿ ಓದಿದರಂತೆ: ಕಾಲೇಜಿನವರು ಇನ್ನೂ ಒಂದು ವರ್ಷ ಇರಲು ಹೇಳುತ್ತಿದ್ದಾರೆ, ಮನೆಯವರು ಒಪ್ಪಿದರೆ ಮಾತ್ರ ಇರುತ್ತೇನೆ, ಫೆಬ್ರವರಿ ಮುಗಿಯುವುದರೊಳಗೆ ತಿಳಿಸಿ. ಆಮೇಲೆ ಎರಡನೆಯ ಹಾಳೆ ಬಿಡಿಸಿದರೆ ಅದರಲ್ಲಿ ನಿಮ್ಮ ಚಿತ್ರ. ಒಂದು ಸಾಲಿನಲ್ಲಿ ಐದು ದುಂಡು ಗುರುತು, ಎದುರು ಸಾಲಿನಲ್ಲಿ ನಾಲ್ಕು ಗುಣಾಕಾರದ ಗುರುತು, ಪಕ್ಕದಲ್ಲಿ ಸೊನ್ನೆ, ಒಂದು, ಮೂರು, ಐದು ಎಂದು ಅಂಕೆಗಳು, ಉಳಿದದ್ದೆಲ್ಲ ಇಂಗ್ಲಿಷು. ಸಾವಿರ ಕಂಬದ ಬಸದಿಯ ಊರಿನಲ್ಲಿ ಹುಟ್ಟಿದವರಿಗೆ ಸಾಲಾಗಿ ಗುರುತು ಕಂಡರೆ ಇನ್ನೇನು ಹೊಳೆದೀತು? ಮಗ ಅಲ್ಲಿ ಮನೆ ಕಟ್ಟಿಸುತ್ತಿದ್ದಾನೆ, ಇದು ಕಂಬಗಳ ನಕ್ಷೆ ಎಂದು ಮಾವ ತೀರ್ಮಾನಿಸಿಬಿಟ್ಟರು. ಸಾಲದ್ದಕ್ಕೆ ಶಾನುಭಾಗ ನಿತ್ಯಾನಂದಯ್ಯನವರನ್ನು ಕರೆಸಿದರು. ಅವರು ಕನ್ನಡಕ ಹಾಕಿಕೊಂಡು, ಹಾಳೆಯನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, ಮೂಡು ಯಾವ ಕಡೆ ಎಂದು ಗುರುತು ಹಾಕಿಲ್ಲ, ಕಂಬಕ್ಕೆ ಕಂಬ ನೇರ ಬರುವುದಿಲ್ಲ, ಇಂಥ ಮನೆಯ ಮಾಡು ಮೂರು ಮಳೆಗಾಲ ನಿಲ್ಲದು ಎಂದು ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಹೋದರಂತೆ. ಮರುದಿನ ನಾನು ಬರುವಾಗ ಅತ್ತೆ ಅಡುಗೆಕೋಣೆಯಲ್ಲಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದರು. ಚಿತ್ರ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವರ ಮುಖ ನೋಡಿದ ಮೇಲೆ ನಗು ನಿಂತಿತು.

ಇದು ಮನೆಯಲ್ಲ, ಅಲ್ಲಿಯವರ ಫುಟ್‌ಬಾಲು, ಇವೆಲ್ಲ ಕಂಬಗಳಲ್ಲ, ಮನುಷ್ಯರು ಎಂದು ಅವರನ್ನು ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕೊನೆಗೆ ಜಗಲಿಯಲ್ಲಿ ಆಟ ಹೂಡಿ ತೋರಿಸಿದೆ. ಮಳೆಗಾಲದ ಆಟಿ ತಿಂಗಳಲ್ಲದೆ ಆಟದ ಚೆನ್ನೆಮಣೆ ಇಳಿಸಬಾರದು ಎಂದು ಅತ್ತೆ ಮಣೆಯನ್ನು ಕೊಡಲಿಲ್ಲ, ಕಾಯಿಗಳನ್ನು ಮಾತ್ರ ಕೊಟ್ಟರು. ಐದು ಹುಣಸೆ ಬೀಜ ಚೆಂಡು ಇಟ್ಟುಕೊಂಡ ಕಡೆಯವರು, ನಾಲ್ಕು ಚೆನ್ನೆಕಾಯಿ ತಡೆಯುವವರು. ನೀವು ಇಂಗ್ಲಿಷಿನಲ್ಲಿ ಬರೆದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅಂಕೆಗಳು ತಡೆಯುವವರು ನಿಲ್ಲುವ ಜಾಗ: ಸೊನ್ನೆ ಎಂದರೆ ಚೆಂಡಿನ ಮೇಲೆ ಬಗ್ಗಿದವನ ಮೂಗಿನ ನೇರಕ್ಕೆ ನಿಲ್ಲುವವನು, ಒಂದು ಎಂದರೆ ಅವನ ಹೆಗಲಿನ ಕಡೆಗೆ ಸ್ವಲ್ಪ ಸರಿದವನು, ಮೂರು ಎಂದರೆ ಪಕ್ಕದವನ ಹೊರ ಹೆಗಲಿಗೆ, ಐದು ಎಂದರೆ ಅದರಾಚೆಯವನ ಹೊರ ಹೆಗಲಿಗೆ. ಬೆರಳು ನೆಲಕ್ಕೆ ಊರಿ, ಸೊಂಟ ಎತ್ತಿ, ಕಣ್ಣು ಚೆಂಡಿನ ಮೇಲಿಟ್ಟು ಕಾಯಬೇಕು. ಎದುರಿನವರು ಎಷ್ಟೇ ಕೂಗಲಿ, ಚೆಂಡು ಅಲುಗುವ ತನಕ ಅಲುಗಬಾರದು. ಅಲುಗಿದೊಡನೆ ಎದುರಿನವನ ಎದೆಗೆ ಕೈ ಕೊಟ್ಟು, ಅವನಿಗಿಂತ ತಗ್ಗಿ ನುಗ್ಗಬೇಕು, ತಗ್ಗಿದವನದೇ ಗೆಲುವು. ಇಷ್ಟು ಕೇಳಿ ಮಾವ, ನಮ್ಮಲ್ಲಿ ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಗಾದೆ, ಅಲ್ಲಿ ಬಗ್ಗಿದವನೇ ಗೆಲ್ಲುವುದಾದರೆ ಅದು ಒಳ್ಳೆಯ ದೇಶವೇ ಇರಬೇಕು ಎಂದರು. ಅತ್ತೆ ಮಾತ್ರ ಬೀಜಗಳನ್ನೇ ನೋಡುತ್ತಾ, "ಇದರಲ್ಲಿ ಹಿಂಸೆ ಉಂಟಲ್ಲ ಮಗಾ?" ಎಂದು ಕೇಳಿದರು. ನಮ್ಮವರು ಆಡುವುದಿಲ್ಲ, ಬದಿಯಲ್ಲಿ ಕೂತು ಯಾರ ಕಾಲು ಎಲ್ಲಿತ್ತು ಎಂದು ಬರೆದುಕೊಳ್ಳುವ ಕೆಲಸ ಮಾತ್ರ ಎಂದೆ. ಅಲ್ಲಿಗೆ ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಒಂದು ಸಂಶಯ ಉಳಿದಿದೆ. ಹೆಗಲಿನ ಕಡೆ ನಿಂತವನಿಗೆ ಕಾಯಲು ಎದುರಿನವರ ನಡುವಿನ ಒಂದೇ ಸಂದು, ಮೂಗಿನ ನೇರಕ್ಕೆ ನಿಂತವನು ಕೆಲವೊಮ್ಮೆ ಎಡಬಲ ಎರಡೂ ಸಂದು ಕಾಯಬೇಕು ಎಂದು ಬರೆದಿದ್ದೀರಿ. ಅವನನ್ನು ಎಷ್ಟು ಹೊತ್ತು ಹಾಗೆ ನಿಲ್ಲಿಸುತ್ತಾರೆ? ನಡುವೆ ಬೇರೊಬ್ಬನನ್ನು ಇಳಿಸುತ್ತಾರೋ, ಆಟ ಮುಗಿಯುವ ತನಕ ಅವನೊಬ್ಬನೇ ನಿಲ್ಲಬೇಕೋ? ಮಾವನೂ ಇದನ್ನೇ ಕೇಳಿದರು. ನೀವು ಹೋದ ಮೇಲೆ ಬಂಟ್ವಾಳದ ಅತ್ತಿಗೆಯ ಬಾಣಂತನಕ್ಕೂ ನಾನೇ, ಬೆಳ್ತಂಗಡಿಯ ಮದುವೆಗೆ ಮನೆಯ ಲೆಕ್ಕದಲ್ಲಿ ಹೋದದ್ದೂ ನಾನೇ, ಅದಕ್ಕೇ ಇರಬೇಕು ಆ ನಡುವಿನವನ ಮೇಲೆ ನನಗೆ ಕನಿಕರ. ಇದನ್ನು ತಮಾಷೆಗೆ ಬರೆದೆ.

ಇನ್ನು ನೀವು ಕೇಳಿದ ವಿಚಾರ. ನಿಮ್ಮಂಥ ಡ್ರಿಲ್ ಮಾಸ್ತರರಿಗೆ ಇಂಥ ಅವಕಾಶ ಎರಡನೆಯ ಸಲ ಬರುವುದಿಲ್ಲ, ಒಂದು ವರ್ಷ ಕಳೆದದ್ದು ಗೊತ್ತಾಗುತ್ತದಾ ಎಂದು ಮಾವ ಹೇಳುತ್ತಾರೆ. ನಾವೆಲ್ಲ ಸಂತೋಷದಿಂದ ಒಪ್ಪಿದ್ದೇವೆ ಎಂದು ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ. ನಿಮ್ಮ ರಜೆ ಮೇ ತಿಂಗಳಿಗೆ ಮುಗಿಯುವುದರಿಂದ ಶಾಲೆಯ ವಿಷಯವನ್ನು ಹೆಡ್‌ಮಾಸ್ತರ್ ಸುಬ್ಬಯ್ಯನವರಲ್ಲಿ ಮಾವ ತಾವೇ ಮಾತಾಡುತ್ತಾರಂತೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದಿನ ಹೇಗೋ ಹೋಗುತ್ತದೆ. ಸಂಜೆ ಐದೂವರೆಗೆ ಊಟಕ್ಕೆ ಎಲೆ ಹಾಕುವಾಗ ಮಾತ್ರ ಅಭ್ಯಾಸಬಲದಿಂದ ಒಂದು ಎಲೆ ಹೆಚ್ಚು ತೊಳೆಯುತ್ತೇನೆ, ಅತ್ತೆ ಬೈಯುವುದಿಲ್ಲ.

ಅತ್ತೆ ಮಾವ ಮನಸಾರೆ ಹರಸಿದ್ದಾರೆ. ಸ್ವಾಮಿ ನಿಮ್ಮನ್ನು ಆ ಚಳಿಯಲ್ಲಿ ಕಾಪಾಡಲಿ. ಕೆಮ್ಮಿಗೆ ಶುಂಠಿ ಸಿಗದಿದ್ದರೆ ಬರೆಯಿರಿ, ಒಣಗಿಸಿ ಕಳುಹಿಸುತ್ತೇನೆ.

ನಿಮ್ಮ ದಾರಿ ಕಾಯುವ,
ತ್ರಿಶಲಾ

ಮರೆತ ಮಾತು: ಇದನ್ನು ಅಂಚೆ ಕಚೇರಿಯಲ್ಲಿ ನಿಂತು, ಅವರ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಚೀಲ ಕಟ್ಟುತ್ತಿದ್ದಾರೆ. ಮೇಲಿನದ್ದೆಲ್ಲ ಜಗಲಿಯಲ್ಲಿ ಓದಿ ಹೇಳಿ ಆಗಿದೆ, ನಮ್ಮಲ್ಲಿ ಕಾಗದ ಹಾಗೆಯೇ ಹೋಗುವುದು ಎಂದು ನಿಮಗೆ ಗೊತ್ತಲ್ಲ. ಇದನ್ನು ಯಾರೂ ಕೇಳಿಲ್ಲ. ಆ ಒಪ್ಪಿಗೆ ಮನೆಯವರದು, ನನ್ನದಲ್ಲ. ನೀವಿಲ್ಲದೆ ನನಗೆ ಆಗುವುದಿಲ್ಲ. ಮೊನ್ನೆ ಕೋಣೆಯ ಬಾಗಿಲು ಹಾಕಿ, ಸೀರೆ ಎತ್ತಿ ಕಟ್ಟಿ, ನೀವು ಬರೆದ ಹಾಗೆ ಬೆರಳೂರಿ ಬಗ್ಗಿ ನಿಂತೆ. ಮೂರು ತಿಂಗಳು ದಿನವಿಡೀ ನೀವು ನೋಡಿದ್ದು ಇದನ್ನೇ ತಾನೇ. ಆ ಹುಡುಗರ ಹೆಬ್ಬೆರಳು ಎಲ್ಲಿ ಊರಿತ್ತು ಎಂದೂ ನೀವು ಬರೆದಿಟ್ಟಿದ್ದೀರಿ, ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಇನ್ನೊಂದು. ಸೋಮವಾರ ಮಾವ ಬಸದಿಗೆ ಹೋಗಿದ್ದಾಗ ಸುಬ್ಬಯ್ಯ ಮಾಸ್ತರರು ಬಂದಿದ್ದರು. ನೀವು ಬರುವುದಿಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳಬೇಕು, ಏನಿದ್ದರೂ ಬರಹದಲ್ಲಿ ಕೊಡಿ ಎಂದರು. ಜೂನ್ ಒಂದಕ್ಕೆ ಕೆಲಸಕ್ಕೆ ಹಾಜರಾಗುತ್ತಾರೆ ಎಂದು ಬರೆದು, ನನ್ನ ಸಹಿ ಹಾಕಿ ಕೊಟ್ಟುಬಿಟ್ಟಿದ್ದೇನೆ. ಅವರು ಅದನ್ನು ಮಂಗಳೂರಿನ ಶಿಕ್ಷಣ ಕಚೇರಿಗೆ ಕಳುಹಿಸಿಯೂ ಆಯಿತು. ಮಾವನಿಗೆ ಇನ್ನೂ ಹೇಳಿಲ್ಲ.